ಹಂಚಿನ ಮಾಡು (ಛಾವಣಿ) ಸೋರುತ್ತಿದೆ: ಪಕಾಸಿ, ರೀಪು, ದೋಣಿ ಅಂದರೆ ಯಾವುದು?

ಪ್ರಶ್ನೆ (ಸಾಗರದ ಹತ್ತಿರದಿಂದ)
ನಮಸ್ಕಾರ. ಅಜ್ಜನ ಕಾಲದ ಮಂಗಳೂರು ಹಂಚಿನ ಮನೆ, 'ಎಲ್' ಆಕಾರದ್ದು. ಜೋರು ಮಳೆಗೆ ಮಾತ್ರ ನಡುಮನೆಯ ಗೋಡೆ ಪಕ್ಕ ನೀರು ತೊಟ್ಟಿಕ್ಕುತ್ತದೆ. ನೇರ ಮೇಲಿನ ಹಂಚು ಬದಲಿಸಿದರೂ ನಿಲ್ಲಲಿಲ್ಲ. ಕೆಲಸದವರು "ರೀಪು ಹೋಗಿದೆ, ದೋಣಿ ಹೋಗಿದೆ, ಪಕಾಸಿಯೂ ನೋಡಬೇಕು, ಪೂರ್ತಿ ಬಿಚ್ಚೋಣ" ಅನ್ನುತ್ತಾರೆ. ನಾನು ಬೆಳೆದದ್ದು ತಾರಸಿ ಮನೆಯಲ್ಲಿ. ಇವೆಲ್ಲ ಎಲ್ಲಿರುತ್ತವೆ, ಸ್ವಲ್ಪ ಬಿಡಿಸಿ ಹೇಳ್ತೀರಾ?

ಉತ್ತರ
ಪೂರ್ತಿ ಬಿಚ್ಚಲು ಈಗಲೇ ಒಪ್ಪಬೇಡಿ ಸರ್. ಒಳಗೆ ನಿಂತು ತಲೆಯೆತ್ತಿ ನೋಡಿ. ನೆತ್ತಿಯಿಂದ ಗೋಡೆ ಕಡೆಗೆ ಇಳಿಜಾರಾಗಿ ಬಂದ ಮರಗಳೇ ಪಕಾಸಿ. ಅವುಗಳ ಮೇಲೆ ಅಡ್ಡಲಾಗಿ, ಹೆಚ್ಚುಕಡಿಮೆ ಅಡಿಗೊಂದರಂತೆ ಹೊಡೆದ ಪಟ್ಟಿಗಳು ರೀಪು. ಹಂಚಿನ ಹಿಂಬದಿಯ ಗುಬುಟು ರೀಪಿಗೆ ಸಿಕ್ಕಿಕೊಂಡಿರುತ್ತದೆ. ರೀಪು ಕುಂಬಾದರೆ (ಕೊಳೆತರೆ) ಸಾಲು ಬಾಗಿ ಹಂಚುಗಳ ನಡುವೆ ಬೆಳಕು ಕಾಣುತ್ತದೆ. ಗೋಡೆಯಿಂದ ಆಚೆ ಚಾಚಿದ ಅಂಚು ಸೂರು.

ಎರಡು ಮಾಡು ಒಳಮೂಲೆಯಲ್ಲಿ ಸೇರುವ ತಗ್ಗೇ ದೋಣಿ. ಅಲ್ಲಿ ತಗಡು ಹಾಸಿರುತ್ತಾರೆ. ಎರಡೂ ಕಡೆಯ ನೀರು ಅಲ್ಲಿಗೇ ಬರೋದರಿಂದ 'ಎಲ್' ಆಕಾರದ ಮನೆಯಲ್ಲಿ ನನ್ನ ಮೊದಲ ಅನುಮಾನ ಯಾವಾಗಲೂ ದೋಣಿಯ ಮೇಲೆ. ತೊಟ್ಟಿಕ್ಕುವ ಜಾಗವೇ ತೂತಿನ ಜಾಗ ಅಂದುಕೊಳ್ಳಬೇಡಿ. ನೀರು ಪಕಾಸಿಯ ಅಡಿಯಂಚು ಹಿಡಿದು ಕೆಳಗೆ ಹರಿಯುತ್ತದೆ. ಮರದ ಗಂಟೋ ಮೊಳೆಯೋ ಅಡ್ಡ ಬಂದಲ್ಲಿ ಉದುರುತ್ತದೆ. ಮಳೆ ಬರುವಾಗಲೇ ಟಾರ್ಚ್ ಹಿಡಿದು ಒದ್ದೆ ಗೆರೆಯನ್ನು ಕೆಳಗಿನಿಂದ ಮೇಲಕ್ಕೆ ಹಿಂಬಾಲಿಸಿ.

ಪ್ರಶ್ನಿಸಿದವರು
ನೋಡಿದೆ. ಕಪ್ಪು ಗೆರೆ ದೋಣಿಯ ಹತ್ತಿರವೇ ಶುರುವಾಗುತ್ತದೆ. ರೀಪು ಗಟ್ಟಿಯಾಗಿದೆ, ಚಾಕು ಚುಚ್ಚಿದರೂ ಇಳಿಯಲಿಲ್ಲ. ಮಳೆ ಹೊಳವಾದಾಗ ಕೆಲಸದವರು ಮೇಲೆ ಹತ್ತಿ ನೋಡಿದರು. ದೋಣಿ ತುಂಬ ಕೊಳೆತ ಎಲೆ, ಅದರಡಿ ತಗಡು ತುಕ್ಕು ಹಿಡಿದು ಸಣ್ಣ ಸಣ್ಣ ತೂತು. ಸಿಮೆಂಟ್ ಬಳಿದರೆ ಸಾಲದಾ?

ಉತ್ತರ
ಬೇಡ. ತಗಡು ಬಿಸಿಲಿಗೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ. ಸಿಮೆಂಟ್ ಬಿರುಕು ಬಿಡುತ್ತದೆ, ಆ ಬಿರುಕಿನಲ್ಲೇ ನೀರು ನಿಲ್ಲುತ್ತದೆ. ಈ ಮಳೆಗಾಲಕ್ಕೆ ಎಲೆ ತೆಗೆಸಿ, ದೋಣಿಯ ಮೇಲೆ ಟಾರ್ಪಾಲಿನ್ ಹಾಸಿ ಕಟ್ಟಿಸಿ. ಮಳೆ ಕಳೆದ ಮೇಲೆ ತಗಡು ಬದಲಿಸಿ. ಕೆಲಸದವರಿಗೆ ಹೀಗೆ ಹೇಳಿ: ತಗಡಿನ ಎರಡೂ ಅಂಚು ಮೇಲಕ್ಕೆ ಮಡಚಿರಬೇಕು, ಹಂಚು ಅಂಚಿನಿಂದ ಒಳಕ್ಕೆ ಚೆನ್ನಾಗಿ ಚಾಚಿರಬೇಕು, ನಡುವೆ ಕೈ ಹಾಕಿ ಎಲೆ ತೆಗೆಯುವಷ್ಟು ಜಾಗ ಬಿಡಬೇಕು. ಆದಷ್ಟೂ ಒಂದೇ ಉದ್ದನೆಯ ತಗಡು ಹಾಕಿಸಿ. ಜೋಡಿಸಲೇಬೇಕಾದರೆ ಮೇಲಿನದು ಕೆಳಗಿನದರ ಮೇಲೆ ಬರಲಿ.

ನೆತ್ತಿಯ ಸಾಲನ್ನು ಮುಚ್ಚುವ ಮೂಲೆ ಹಂಚಿನ ಗಾರೆ ಬಿರುಕು ಬಿಟ್ಟಿದೆಯಾ ಅಂತಲೂ ನೋಡಿಸಿ. ಇನ್ನೊಂದು ಮಾತು. ಬಿಚ್ಚಿದ ಹಂಚನ್ನು ಬಿಸಾಡಬೇಡಿ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯವರು 1865ರಲ್ಲಿ ಕಾರ್ಖಾನೆ ತೆರೆದ ಮೇಲೆ ಹಂಚಿನ ಕಾರ್ಖಾನೆಗಳು ಎಷ್ಟೋ ಬಂದವು, ಒಬ್ಬೊಬ್ಬರ ಅಚ್ಚು ಒಂದೊಂದು ಥರ. ಬೇರೆ ಅಚ್ಚಿನ ಹಂಚು ಪಕ್ಕದ ಹಂಚಿನ ಗಾಡಿಯಲ್ಲಿ (ಕೂಡಿಸುವ ತೋಡಿನಲ್ಲಿ) ಸರಿಯಾಗಿ ಕೂರದೆ ಅಲ್ಲೇ ಸೋರುತ್ತದೆ. ಒಡೆದದ್ದಕ್ಕೆ ಬದಲಿ ಬೇಕಾದರೆ ಹಿಂಬದಿಯ ಹೆಸರು ನೋಡಿ, ಹಳೆ ಹಂಚು ಮಾರುವವರ ಹತ್ತಿರ ಅದನ್ನೇ ಕೇಳಿ.