'ಬೊಕಾಜ್' ಪದಕ್ಕೆ ಬೇಲಿಸೀಮೆ ಅನ್ನಬಹುದಾ?

ಗೆಳೆಯರೇ,

ಬೊಕಾಜ್ ಅನ್ನುವ ಫ್ರೆಂಚ್ ಪದಕ್ಕೆ ಒಂದು ಕನ್ನಡ ಪದ ಹುಡುಕುತ್ತಾ ಮೂರು ವಾರ ಆಯ್ತು. ಒಬ್ಬನೇ ಕೂತು ಬಗೆಹರಿಸಲು ಆಗುತ್ತಿಲ್ಲ.

ಫ್ರಾನ್ಸಿನ ನಾರ್ಮಂಡಿಯಲ್ಲಿರುವ ಕಮಾಂಬೇರ್ ಎಂಬ ಸಣ್ಣ ಊರಿನ ಬಗ್ಗೆ ಲೇಖನ ಬರೆಯುತ್ತಿದ್ದೇನೆ. ಹೌದು, ಅದೇ ಹೆಸರಿನ ಚೀಸಿನ ಊರು. ಜನ ಸುಮಾರು 200. ಚರ್ಚು, ಊರಾಡಳಿತದ ಕಚೇರಿ, ಅದರ ಸುತ್ತ ಕೆಲವೇ ಮನೆ. ಉಳಿದವರೆಲ್ಲ ಇಳಿಜಾರಿನಲ್ಲಿ ಅವರವರ ಹುಲ್ಲುಗಾವಲಿನ ನಡುವೆ ಒಂಟಿ ಮನೆ ಕಟ್ಟಿಕೊಂಡಿದ್ದಾರೆ, ನಮ್ಮ ಮಲೆನಾಡಿನ ಹಾಗೆ.

ಒಂದೊಂದು ಹುಲ್ಲುಗಾವಲಿನ ಸುತ್ತಲೂ ಮಣ್ಣಿನ ದಿಬ್ಬ, ಪಕ್ಕದಲ್ಲಿ ಕಾಲುವೆ, ದಿಬ್ಬದ ಮೇಲೆ ಓಕ್, ಹೇಜಲ್, ಮುಳ್ಳುಪೊದೆಗಳ ಒತ್ತಾದ ಸಾಲು. ಇದು ದನ ಆಚೆ ಹೋಗದಂತೆ ತಡೆಯುತ್ತದೆ, ಗಾಳಿ ತಡೆಯುತ್ತದೆ, ಮಳೆ ನೀರು ಮಣ್ಣು ಕೊಚ್ಚದಂತೆ ಹಿಡಿಯುತ್ತದೆ, ಕೊಂಬೆ ಸವರಿದರೆ ಒಲೆಗೆ ಸೌದೆಯೂ ಆಗುತ್ತದೆ. ಎತ್ತರದಿಂದ ನೋಡಿದರೆ ಇಡೀ ಸೀಮೆ ಕಾಡಿನ ಹಾಗೆ ಕಾಣುತ್ತದೆ, ಒಳಗೆ ಹೋದರೆ ಎಲ್ಲ ಗದ್ದೆ, ತೋಟ, ಹುಲ್ಲು. ಈ ಇಡೀ ನೆಲದ ಚಹರೆಗೆ ಫ್ರೆಂಚರು ಇಟ್ಟ ಹೆಸರು ಬೊಕಾಜ್. ಮೂಲದಲ್ಲಿ ಕಾಡು ಅನ್ನುವ ಪದದಿಂದಲೇ ಬಂದದ್ದು.

ನನ್ನ ತೊಡಕು ಇಲ್ಲಿದೆ. ಬಿಡಿಬಿಡಿಯಾಗಿ ನಮ್ಮಲ್ಲಿ ಎಲ್ಲದಕ್ಕೂ ಹೆಸರಿದೆ. ದಿಬ್ಬಕ್ಕೆ ಬದು, ದರೆ. ಕಾಲುವೆಗೆ ಅಗಳು. ಗಿಡದ ಸಾಲಿಗೆ ಬೇಲಿ. ಬೇಲಿ ದಾಟಲು ತಡಬೆ, ದನ ಬಿಡಲು ಉಣುಗೋಲು, ದಣಪೆ. ಆದರೆ ಇವೆಲ್ಲ ಸೇರಿ ಆಗುವ ಸೀಮೆಗೆ ಒಂದು ಪದ ನನಗೆ ಸಿಕ್ಕಿಲ್ಲ. ಮಹಾಯುದ್ಧದ ಬರಹಗಳಲ್ಲಿ ಬರುವ ಬೊಕಾಜ್ ಕೂಡ ಇದೇ. 1944ರ ಬೇಸಿಗೆಯಲ್ಲಿ ಅಮೆರಿಕದ ಟ್ಯಾಂಕುಗಳು ಪಶ್ಚಿಮ ನಾರ್ಮಂಡಿಯಲ್ಲಿ ಈ ದಿಬ್ಬಗಳನ್ನು ಹತ್ತಲಾರದೆ ಒದ್ದಾಡಿ, ಕೊನೆಗೆ ಮುಂದೆ ಉಕ್ಕಿನ ಹಲ್ಲು ಬೆಸುಗೆ ಹಾಕಿಕೊಂಡು ನುಗ್ಗಬೇಕಾಯ್ತು. ಅದನ್ನು ಸುಮ್ನೆ 'ಪೊದೆ' ಅಂತ ಬರೆದರೆ ಓದುವವರಿಗೆ ಪೊದೆ ದಾಟಲು ಟ್ಯಾಂಕಿಗೆ ಏನು ಕಷ್ಟ ಅನ್ನಿಸುತ್ತದೆ, ಅಲ್ವಾ?

ನಾನು ಯೋಚಿಸಿದ ಪದ ಬೇಲಿಸೀಮೆ. ಕಾರಣ ಇದೆ. ನಾರ್ಮಂಡಿಯಲ್ಲೇ ಕಾಂ ಪಟ್ಟಣದ ಸುತ್ತ ಬೇಲಿಯಿಲ್ಲದ ದೊಡ್ಡ ಬಯಲು ಹೊಲಗಳಿವೆ, ಗೋಧಿ ಬೆಳೆಯುವ ಕಡೆ. ಅಲ್ಲಿನವರು ಬೊಕಾಜ್ ಅನ್ನು ಯಾವಾಗಲೂ ಆ ಬಯಲಿನ ಎದುರು ಇಟ್ಟೇ ಮಾತಾಡುತ್ತಾರೆ. ನಮ್ಮಲ್ಲಿ ಬಯಲುಸೀಮೆ ಆಗಲೇ ಇದೆ. ಅದರ ಜೋಡಿಗೆ ಬೇಲಿಸೀಮೆ ಅಂದರೆ ಹೇಳಿಕೊಡದೆಯೇ ಅರ್ಥ ಆಗುತ್ತದೆ ಅಂತ ನನ್ನ ನಂಬಿಕೆ. ಗೆಳೆಯರೊಬ್ಬರು 'ಬೇಲಿಗಾಡು' ಅಂದರು. ಮೂಲದ ಕಾಡು ಅದರಲ್ಲಿ ಉಳಿಯುತ್ತದೆ, ಕಿವಿಗೂ ಚೆನ್ನಾಗಿದೆ. ಆದರೆ ಅಲ್ಲಿ ಕಾಡೇ ಇಲ್ಲ, ದನ ಮೇಯುವ ನೆಲ ಅದು.

ಒಂದು ಅಳುಕು ಮಾತ್ರ ಉಳಿದಿದೆ. ಈಗ ಬೇಲಿ ಅಂದ ಕೂಡಲೇ ಜಾಸ್ತಿ ಜನರಿಗೆ ಮುಳ್ಳುತಂತಿ ನೆನಪಾಗುತ್ತದೆ. ಲಕ್ಕಿ, ಕತ್ತಾಳೆ, ಕಳ್ಳಿಯ ಬೇಲಿ ಕಂಡವರು ಕಮ್ಮಿಯಾಗುತ್ತಿದ್ದಾರೆ. ಅಲ್ಲಿಯೂ ಆದದ್ದು ಹೆಚ್ಚುಕಮ್ಮಿ ಹೀಗೇ. ಯುದ್ಧ ಮುಗಿದ ಮೇಲೆ ತುಂಡು ಜಮೀನುಗಳನ್ನು ಒಟ್ಟುಗೂಡಿಸಿ ಟ್ರ್ಯಾಕ್ಟರಿಗೆ ಹೊಂದುವಂತೆ ಮರುಹಂಚುವ ಕೆಲಸ ದೇಶದ ತುಂಬ ನಡೆಯಿತು. ಲಕ್ಷಾಂತರ ಕಿಲೋಮೀಟರ್ ಬೇಲಿ ಕಿತ್ತುಹೋಯಿತು. ಈಗ ಸರಕಾರವೇ ದುಡ್ಡು ಕೊಟ್ಟು ಮತ್ತೆ ನೆಡಿಸುತ್ತಿದೆ. ಓದಿ ನನಗೆ ನಿಜವಾಗಿ ಸಂಕಟ ಆಯ್ತು. ಈ ಊರಿನ ಚೀಸಿಗೆ 'ಕಮಾಂಬೇರ್ ದ ನಾರ್ಮಂಡಿ' ಅನ್ನುವ ರಕ್ಷಿತ ಹೆಸರು ಬೇಕಾದರೆ ಹಸುಗಳು ವರ್ಷಕ್ಕೆ ಕನಿಷ್ಠ 6 ತಿಂಗಳು ಹೊರಗೆ ಮೇಯಬೇಕು, ಕಾಯಿಸದ ಹಾಲೇ ಆಗಬೇಕು. ಹಾಗಾಗಿ ಬೇಲಿಯ ಮಾತು ಬಿಟ್ಟು ಈ ಚೀಸಿನ ಮಾತು ಆಡಲು ಬರುವುದಿಲ್ಲ.

ಚೀಸಿಗೆ ಗಿಣ್ಣು ಅಂತ ಬರೆಯಿರಿ ಅಂತ ದಯವಿಟ್ಟು ಹೇಳಬೇಡಿ. ನಿಘಂಟುಗಳಲ್ಲಿ ಹಾಗಿದೆ, ಗೊತ್ತು. ಆದರೆ ಗಿಣ್ಣು ಕರು ಹಾಕಿದ ಹಸುವಿನ ಮೊದಲ ಹಾಲಿನದು. ಅದು ಬೇರೆಯೇ ತಿಂಡಿ.

ಇನ್ನೊಂದು ಸಣ್ಣ ಪ್ರಶ್ನೆ: ಅಲ್ಲಿನ ಊರಾಡಳಿತಕ್ಕೆ, ಅದರ ಮುಖ್ಯಸ್ಥರಿಗೆ ಕನ್ನಡದಲ್ಲಿ ಏನನ್ನೋಣ? ಅಲ್ಲಿ 200 ಜನರ ಈ ಊರಿಗೂ ಚುನಾಯಿತ ಸಮಿತಿ ಇದೆ, ಅದು ಆರಿಸಿದ ಮುಖ್ಯಸ್ಥರಿದ್ದಾರೆ, ಮದುವೆ ಮಾಡಿಸುವುದು, ಹುಟ್ಟು ಸಾವು ಬರೆದಿಡುವುದು ಅವರ ಹೊಣೆ. 1789ರ ಕ್ರಾಂತಿಯ ಕಾಲದಿಂದ ಬಂದ ಏರ್ಪಾಡು, ಇಂಥ ಘಟಕಗಳು ದೇಶದಲ್ಲಿ ಸುಮಾರು 35,000 ಇವೆ. ಗ್ರಾಮ ಪಂಚಾಯಿತಿ ಅನ್ನೋಣ ಅಂದರೆ ನಮ್ಮದರಲ್ಲಿ ಹಲವು ಹಳ್ಳಿ ಸೇರಿರುತ್ತವೆ. ಮೇಯರ್ ಅಂದರೆ ಮಹಾನಗರ ಕಣ್ಣಿಗೆ ಬರುತ್ತದೆ. ಪಟೇಲ ಅಂದರೆ ವಂಶದಿಂದ ಬಂದ ಅಧಿಕಾರ. ಸದ್ಯಕ್ಕೆ 'ಊರ ಅಧ್ಯಕ್ಷರು' ಅಂತ ಬರೆದಿದ್ದೇನೆ. ಚೆದುರಿದ ಮನೆಗಳ ಗುಂಪಿಗೆ ಮಾತ್ರ ನಮ್ಮ ಕಂದಾಯದ 'ಮಜರೆ' ಸರಿಯಾಗಿ ಕೂತಿತು.

ಕೊಡಗು, ಕರಾವಳಿ, ಬೆಳಗಾವಿ ಕಡೆಯವರು ಇದ್ದರೆ ಹೇಳಿ: ದಿಬ್ಬ, ಅಗಳು, ಗಿಡದ ಸಾಲು ಮೂರೂ ಸೇರಿದ ಬೇಲಿಗೆ ನಿಮ್ಮಲ್ಲಿ ಒಂದೇ ಹೆಸರು ಇದೆಯಾ? ಇದ್ದರೆ ಬೇಲಿಸೀಮೆಯಲ್ಲಿ ಬೇಲಿ ತೆಗೆದು ಅದನ್ನೇ ಹಾಕುತ್ತೇನೆ.