ಮಳೆ ಶುರುವಾದ ಮೇಲೆ ಪಾಲಿಸ್ಟೈರೀನ್ ಮೇಲಿನ ಪ್ರೋಟೀನ್ ಗೆರೆ ಹರಡುತ್ತಿದೆ

ತುಂಗಾತೀರ (ಶಿವಮೊಗ್ಗ):
ಪಿಡಿಎಂಎಸ್ (ಮೆತ್ತನೆಯ ಸಿಲಿಕೋನ್ ರಬ್ಬರ್) ಅಚ್ಚಿನಿಂದ ಪಾಲಿಸ್ಟೈರೀನ್ ಪ್ಲಾಸ್ಟಿಕ್ ಡಿಶ್ ಮೇಲೆ 20 ಮೈಕ್ರಾನ್ ಅಗಲದ ಫೈಬ್ರೊನೆಕ್ಟಿನ್ (ಜೀವಕೋಶ ಅಂಟಿಕೊಳ್ಳುವ ಪ್ರೋಟೀನ್) ಗೆರೆಗಳನ್ನು ಒತ್ತುತ್ತಿದ್ದೇವೆ. ಅಚ್ಚಿಗೆ ಮೂಲದ್ರವ ಮತ್ತು ಗಟ್ಟಿಮಾಡುವ ದ್ರವ 10:1, 65 ಡಿಗ್ರಿಯಲ್ಲಿ 4 ಗಂಟೆ. ಪ್ರೋಟೀನ್ ಮಿಲಿಲೀಟರ್‌ಗೆ 50 ಮೈಕ್ರೋಗ್ರಾಂ, ಅಚ್ಚಿನ ಮೇಲೆ 45 ನಿಮಿಷ. ಡಿಶ್‌ಗೆ 1 ನಿಮಿಷ ಆಕ್ಸಿಜನ್ ಪ್ಲಾಸ್ಮಾ (ವಿದ್ಯುದಾವೇಶದ ಅನಿಲ), ಒತ್ತಿದ ಮೇಲೆ 0.2% ಪ್ಲೂರೋನಿಕ್ ಎಫ್-127 (ಖಾಲಿ ಜಾಗಕ್ಕೆ ಪ್ರೋಟೀನ್ ಅಂಟದಂತೆ ತಡೆಯುವ ಲೇಪ), ಆಮೇಲೆ ಗೆರೆ ಕಾಣಲು ಹೊಳೆಯುವ ಬಣ್ಣದ ಆಂಟಿಬಾಡಿ. ಗೆರೆಗಳ ನಡುವೆ ಮಸುಕು ಹೊಳಪು ಬೇಸಿಗೆಯಲ್ಲೂ ಇತ್ತು. ಈಗ ಅಂಚೂ ಹರಡುತ್ತಿದೆ. ಎಪಿಟಿಇಎಸ್ (ಮೇಲ್ಮೈಗೆ ಅಂಟಿ ಪ್ರೋಟೀನ್ ಹಿಡಿಸಲು ನೆರವಾಗುವ ಸಿಲೇನ್) ಹಾಕಿ ಪ್ರೋಟೀನನ್ನು ಗಟ್ಟಿ ಹಿಡಿಸಿದರೆ ಸರಿಹೋದೀತೇ?

ಹುಲಿಕಲ್:
ಎರಡೂ ಬೇರೆ ಬೇರೆ ತೊಂದರೆ. ಅಂಚು ಹರಡುವುದು ನೀರಿನಿಂದ. ಈ ಹವೆಯಲ್ಲಿ ಅಚ್ಚು ತಾನಾಗಿ ಒಣಗಲಿ ಎಂದು ಬಿಟ್ಟರೆ ತಗ್ಗುಗಳಲ್ಲಿ ನೀರು ಉಳಿಯುತ್ತದೆ, ಒತ್ತಿದಾಗ ಪ್ರೋಟೀನನ್ನು ಹೊತ್ತುಕೊಂಡು ಪಕ್ಕಕ್ಕೆ ಸರಿಯುತ್ತದೆ. ಪಿಬಿಎಸ್ (ಉಪ್ಪಿನ ಬಫರ್ ದ್ರಾವಣ)ನಲ್ಲಿ ಒಮ್ಮೆ, ಡಿಸ್ಟಿಲ್ಡ್ ನೀರಿನಲ್ಲಿ ಒಮ್ಮೆ ತೊಳೆಯಿರಿ (ಬರೀ ಪಿಬಿಎಸ್ ಆದರೆ ಉಪ್ಪಿನ ಹರಳು ಕೂರುತ್ತದೆ). ನೈಟ್ರೋಜನ್ ಊದಿ ನೀರು ಪೂರ್ತಿ ಹೋದ ಕೂಡಲೇ ಒತ್ತಿ, 5 ನಿಮಿಷ ಸಾಕು. ಮೇಲೆ ತೂಕ ಇಡಬೇಡಿ. ಗೆರೆಯ ಸುತ್ತ ಪ್ರಭೆಯಂತೆ ಕಂಡರೆ ನೀರು. ಎರಡು ಗೆರೆಗಳ ನಟ್ಟನಡುವೆ ಪಟ್ಟೆ ಕಂಡರೆ ಅಚ್ಚಿನ ತಗ್ಗಿನ ಚಾವಣಿ ಕುಸಿದು ತಾಗಿದೆ ಎಂದರ್ಥ. ಆಗ ಆಳ ಹೆಚ್ಚಿನ ಅಚ್ಚೇ ಬೇಕು.

ಕುಂದಾದ್ರಿ:
ಹೊಳಪಿಗೆ ಕಾರಣ ಪ್ಲೂರೋನಿಕ್. ಅದು ನೀರೊಲ್ಲದ ಮೇಲ್ಮೈಗೆ ಚೆನ್ನಾಗಿ ಅಂಟುತ್ತದೆ. ನೀವೋ ಪ್ಲಾಸ್ಮಾ ಕೊಟ್ಟು ಡಿಶ್ಶನ್ನು ನೀರೊಲಿಯುವಂತೆ ಮಾಡಿದ್ದೀರಿ. ಹೀಗಾಗಿ ಖಾಲಿ ಜಾಗ ಮುಚ್ಚುವುದಿಲ್ಲ, ಆಂಟಿಬಾಡಿ ಅಲ್ಲೂ ಕೂರುತ್ತದೆ. ಬದಲಿಗೆ 1% ಬಿಎಸ್‌ಎ (ಖಾಲಿ ಜಾಗ ಮುಚ್ಚುವ ಪ್ರೋಟೀನ್) 1 ಗಂಟೆ ಇಡಿ. ಜೀವಕೋಶ ಬೆಳೆಸುವುದಾದರೆ ಪಿಎಲ್‌ಎಲ್-ಪೆಗ್ (ಪ್ರೋಟೀನ್ ಅಂಟದಂತೆ ತಡೆಯುವ ಪಾಲಿಮರ್) ಮಿಲಿಲೀಟರ್‌ಗೆ 0.1 ಮಿಲಿಗ್ರಾಂ, ದುಬಾರಿಯಾದರೂ ಅದೇ ಮೇಲು. ಪ್ಲಾಸ್ಮಾ ನಿಲ್ಲಿಸಬೇಡಿ: ಪ್ರೋಟೀನ್ ಅಚ್ಚು ಬಿಟ್ಟು ಡಿಶ್‌ಗೆ ಬರಬೇಕಾದರೆ ಡಿಶ್ಶೇ ಹೆಚ್ಚು ನೀರೊಲಿಯಬೇಕು.

ಹುಲಿಕಲ್:
ಎಪಿಟಿಇಎಸ್ ಈಗ ಬೇಡ ಅಂತಲೇ ನನ್ನ ಮಾತು. ಹಾಕಲೇಬೇಕಾದರೆ ಟೊಲುಯೀನ್‌ನಲ್ಲಿ ಕಲಸುವ ಕ್ರಮ ಗಾಜಿಗೆ ಮಾತ್ರ, ಪಾಲಿಸ್ಟೈರೀನ್ ಕರಗಿಹೋಗುತ್ತದೆ. 95% ಎಥನಾಲ್‌ನಲ್ಲಿ 2%, ಆಗಷ್ಟೇ ಕಲಸಿದ್ದು, 10 ನಿಮಿಷ. ಫ್ರಿಜ್‌ನಿಂದ ತೆಗೆದ ಬಾಟಲಿಯನ್ನು ತಣ್ಣಗಿರುವಾಗಲೇ ತೆರೆದರೆ ಒಳಗೆ ತೇವ ಸೇರಿ ಸಿಲೇನ್ ತನ್ನಲ್ಲೇ ಗಂಟು ಕಟ್ಟಿಕೊಳ್ಳುತ್ತದೆ. ದ್ರಾವಣ ಬೆಳ್ಳಗೆ ಕದಡಿದ್ದರೆ ಚೆಲ್ಲಿ. ಆಮೇಲೆ ಸಿಲೇನಿಗೆ ಪ್ರೋಟೀನನ್ನು ಜೋಡಿಸುವ ಗ್ಲೂಟರಾಲ್ಡಿಹೈಡ್ ಹಂತದಲ್ಲಿ ಟ್ರಿಸ್ ಬಫರ್ ಮುಟ್ಟಲೇಬೇಡಿ, ಅದರ ಅಮೀನ್ ಗುಂಪೇ ಪ್ರೋಟೀನಿನ ಜಾಗ ಹಿಡಿಯುತ್ತದೆ.

ತುಂಗಾತೀರ (ಶಿವಮೊಗ್ಗ):
ಪ್ಲಾಸ್ಮಾ ಕೊಟ್ಟ ಡಿಶ್‌ಗಳನ್ನು ವಾರವಿಡೀ ಇಟ್ಟುಕೊಳ್ಳಬಹುದೇ?

ಕುಂದಾದ್ರಿ:
ಬೇಡ. ಗಾಳಿಯಲ್ಲಿಟ್ಟಷ್ಟೂ ಪ್ಲಾಸ್ಮಾದ ಗುಣ ಇಳಿಯುತ್ತದೆ. ಅಚ್ಚಿನ ಮೇಲೆ ಪ್ರೋಟೀನ್ ಕೂತಿರುವ ಆ 45 ನಿಮಿಷದ ಕೊನೆಗೆ ಪ್ಲಾಸ್ಮಾ ಕೊಡಿ.