ಪದಚರ್ಚೆ: ಹಳೆ ಕಿಟಕಿಗಳ ಫಲಕಕ್ಕೆ ಕನ್ನಡ ಪದಗಳು, ನಾಳೆ ಸಂಜೆಯೊಳಗೆ ಬೇಕು

ಲಕ್ಷ್ಮೀಪುರಂ, ಮೈಸೂರಿನಿಂದ:

ಬಳಗದ ಎಲ್ಲರಿಗೂ ನಮಸ್ಕಾರ.

ನಮ್ಮ ರಸ್ತೆಯಲ್ಲಿ ಹಳೆ ಮನೆಯೊಂದನ್ನು ಕೆಡವಿದರು. ಮನೆಯವರು ಕಿಟಕಿಗಳನ್ನು ಸೌದೆಗೆ ಹಾಕದೆ ಚೌಕಟ್ಟು ಸಮೇತ ಬಿಚ್ಚಿಸಿ ನಮಗೆ ಕೊಟ್ಟಿದ್ದಾರೆ. ಮಂಡ್ಯ ಕಡೆಯ ತೊಟ್ಟಿಮನೆಯೊಂದರ ಮರಮುಟ್ಟೂ ಸಿಕ್ಕಿದೆ. ಎಲ್ಲವನ್ನೂ ಸಾಲಾಗಿ ನಿಲ್ಲಿಸಿ, ನಮ್ಮ ಸೀಮೆಯ ಮನೆಗಳಲ್ಲಿ ಕಿಟಕಿ ಹೇಗೆ ಬದಲಾಗುತ್ತ ಬಂತು ಎಂದು ತೋರಿಸುವ ಪುಟ್ಟ ಪ್ರದರ್ಶನ ಮಾಡುತ್ತಿದ್ದೇವೆ. ವಿವರಣೆಯನ್ನು ಆರ್ಕಿಟೆಕ್ಟ್ ಒಬ್ಬರು ಇಂಗ್ಲಿಷಿನಲ್ಲಿ ಬರೆದುಕೊಟ್ಟಿದ್ದಾರೆ. ಕನ್ನಡ ನನ್ನ ಪಾಲಿಗೆ ಬಂದಿದೆ. ಬೋರ್ಡ್ ಬರೆಯುವವರು ನಾಳೆ ಸಂಜೆ ಬರುತ್ತಾರೆ.

ಸ್ಕೈಲೈಟ್ (ಸೂರಿನಲ್ಲಿ ಬೆಳಕಿನ ತೆರಪು), ಲ್ಯಾಟಿಸ್ (ತೂತು ತೂತಾದ ಹೆಣಿಗೆ), ಲೂವರ್ (ಓರೆ ಪಟ್ಟಿಗಳದ್ದು), ವೆಂಟಿಲೇಟರ್, ಮಂಕಿ ಟಾಪ್ (ಕಿಟಕಿಯ ಮೇಲೆ ಚಾಚಿದ ಮರದ ಮಾಡು), ಸ್ಲೈಡಿಂಗ್ ವಿಂಡೋ, ಇಷ್ಟಕ್ಕೆ ಪದ ಬೇಕು. ಹಲಗೆ ಚಿಕ್ಕದು, ಒಂದೊಂದಕ್ಕೆ ಎರಡು ಪದ ಮೀರುವಂತಿಲ್ಲ. ಬಾಗಿಲಲ್ಲಿ ಹಾಕುವ ದೊಡ್ಡ ಹಲಗೆಗೆ ‘ಕಿಟಕಿ’ ಎಂದರೆ ತೀರಾ ಸಾಮಾನ್ಯವಾಯಿತು, ‘ಗವಾಕ್ಷಿ’ ಎನ್ನೋಣ ಎಂದು ಒಬ್ಬರ ಸಲಹೆ. ತಾವೆಲ್ಲ ಏನು ಹೇಳುತ್ತೀರಿ?

ಕುವೆಂಪುನಗರ, ಮೈಸೂರಿನಿಂದ:

‘ಕಿಟಕಿ’ ಕನ್ನಡವಲ್ಲ, ಹಿಂದಿ ಮರಾಠಿಗಳ ಖಿಡಕಿಯಿಂದ ಬಂದದ್ದು. ‘ಗವಾಕ್ಷಿ’ ಸಂಸ್ಕೃತ. ಎರಡೂ ಬೇಡ.

ನಮ್ಮ ಬೇರಿನ ಪದ ಕಿಂಡಿ. ಉಡುಪಿಯ ಕನಕನ ಕಿಂಡಿಯ ಹೆಸರು ಕೇಳದ ಕನ್ನಡಿಗರಿಲ್ಲ. ಸ್ಕೈಲೈಟಿಗೆ ಬೆಳಕಿಂಡಿ ಇದ್ದೇ ಇದೆ. ಅದೇ ದಾರಿಯಲ್ಲಿ ವೆಂಟಿಲೇಟರ್ ಗಾಳಿಗಿಂಡಿ, ಲ್ಯಾಟಿಸ್ ಹೆಣೆಗಿಂಡಿ, ಲೂವರ್ ಪಟ್ಟಿಗಿಂಡಿ, ಸ್ಲೈಡಿಂಗ್ ಸರಿಗಿಂಡಿ. ಮಂಕಿ ಟಾಪ್ ಕೋತಿನೆತ್ತಿ. ಒಂದೇ ಬೇರು, ಆದೇಶಸಂಧಿ, ಕೆಲಸ ಮುಗಿಯಿತು. ದೊಡ್ಡ ಹಲಗೆಗೆ ‘ಕಿಂಡಿಗಳು’ ಎಂದೇ ಬರೆಸಿ. ಯಾರಾದರೂ ಕಿಟಕಿಗೆ ಸಂಸ್ಕೃತದ ‘ವಾತಾಯನ’ ಎನ್ನುವ ಮೊದಲೇ ಹೇಳಿಬಿಡುತ್ತೇನೆ, ಅದೂ ಬೇಡ.

ಮಂಡ್ಯದಿಂದ:

ಮೇಡಂ, ನಮ್ಮದು ಮರಗೆಲಸದ ಮನೆತನ, ನಾನು ಈಗಲೂ ಮನೆ ಕಟ್ಟಿಸುವ ಕೆಲಸದಲ್ಲೇ ಇದ್ದೇನೆ. ಕುವೆಂಪುನಗರದ ಸ್ವಾಮಿಯವರು ಕೊಟ್ಟ ಪಟ್ಟಿಯಲ್ಲಿ ಬೆಳಕಿಂಡಿ ಒಂದನ್ನು ಬಿಟ್ಟು ಮಿಕ್ಕ ಯಾವುದನ್ನೂ ಆಚಾರಿಗಳ ಬಾಯಲ್ಲಿ ಕೇಳಿಲ್ಲ. ಎಲ್ಲಕ್ಕೂ ಕಿಂಡಿ ಸೇರಿಸಿದರೆ ಪ್ರದರ್ಶನ ಯಾವುದನ್ನು ತೋರಿಸಬೇಕೋ ಅದೇ ಅಳಿಸಿಹೋಗುತ್ತದೆ.

ಹಳೆ ತೊಟ್ಟಿಮನೆಯಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ತೆರಪು. ಬೀದಿ ಕಡೆಯ ಗೋಡೆಯಲ್ಲಿ ದೊಡ್ಡ ಕಿಟಕಿ ಅಪರೂಪ. ಬೆಳಕು, ಗಾಳಿ ಎರಡೂ ತೊಟ್ಟಿಯಿಂದ ಬರುತ್ತಿದ್ದವು. ಅಡುಗೆಮನೆಗೂ ಒಳಕೋಣೆಗೂ ಸೂರಿನಲ್ಲಿ ಬೆಳಕಿಂಡಿ, ಒಲೆಯ ಹೊಗೆ ಹೋಗುವುದಕ್ಕೂ ಅದೇ ದಾರಿ. ಆ ಸೂರಿನ ತೆರಪನ್ನೇ ನಮ್ಮೂರ ಕಡೆ ಗವಾಕ್ಷಿ ಎನ್ನುತ್ತಾರೆ. ಮೂಲದಲ್ಲಿ ಗವಾಕ್ಷ ಅಂದರೆ ಎತ್ತಿನ ಕಣ್ಣು, ಸಂಸ್ಕೃತದಲ್ಲಿ ಅದು ಗೋಡೆಯ ಕಿಟಕಿಗೂ ಸಲ್ಲುತ್ತದೆ, ಒಪ್ಪಿದೆ. ಆದರೆ ದೊಡ್ಡ ಹಲಗೆಯಲ್ಲಿ ‘ಗವಾಕ್ಷಿ’ ಎಂದು ಓದಿಕೊಂಡು ಒಳಗೆ ಬಂದ ನಮ್ಮ ಕಡೆಯ ಅಜ್ಜಿ ತಲೆಯೆತ್ತಿ ಮಾಡು ನೋಡುತ್ತಾರೆ. ಹಾಗಾಗಿ ಅದು ಬೇಡ.

ಗೋಡೆಯ ಕಿಟಕಿಗೆ ಇದ್ದದ್ದು ಮರದ ಕದ ಮತ್ತು ಸರಳು, ಗಾಜಿಲ್ಲ. ಕದ ಮುಚ್ಚಿದರೆ ಕತ್ತಲೆ, ತೆರೆದರೆ ಬೀದಿಯ ಕಣ್ಣು. ಇದಕ್ಕೆ ಆಚಾರಿಗಳು ಕಂಡುಕೊಂಡ ಉಪಾಯ ನಾಲ್ಕು ರೆಕ್ಕೆಯ ಕಿಟಕಿ. ನಿಮ್ಮ ಹತ್ತಿರ ಬಂದಿರುವ ಚೌಕಟ್ಟುಗಳಲ್ಲಿ ಅದು ಇದ್ದೇ ಇರುತ್ತದೆ, ಹುಡುಕಿ. ನಡುವೆ ಒಂದು ಅಡ್ಡಪಟ್ಟಿ, ಕೆಳಗೆ ಎರಡು ರೆಕ್ಕೆ, ಮೇಲೆ ಎರಡು. ಕೆಳಗಿನ ಜೋಡಿಗೆ ಚಿಲಕ ಹಾಕಿ ಮೇಲಿನದನ್ನು ತೆರೆದಿಟ್ಟರೆ ಒಳಗಿದ್ದವರು ಯಾರಿಗೂ ಕಾಣದೆ ಗಾಳಿ ಬೆಳಕು ಪಡೆಯಬಹುದು. ರೆಕ್ಕೆ ಬಡಿಯದ ಹಾಗೆ ಸಿಕ್ಕಿಸುವ ಕೊಂಡಿ ಇರುತ್ತದಲ್ಲ, ಅದು ತಿರುಗಿ ತಿರುಗಿ ಮರದಲ್ಲಿ ಅರ್ಧ ಚಂದ್ರದ ಗೀರು ಬಿದ್ದಿರುತ್ತದೆ. ದಯವಿಟ್ಟು ಅದನ್ನು ಪಾಲಿಶ್ ಹೊಡೆದು ಅಳಿಸಬೇಡಿ. ಕಿಟಕಿ ಎಷ್ಟು ಎತ್ತರದಲ್ಲಿತ್ತು ಎಂಬುದೂ ಮುಖ್ಯ, ನೆಲದಿಂದ ಅಳೆದ ಲೆಕ್ಕ ಇದ್ದರೆ ಅಷ್ಟೇ ಎತ್ತರಕ್ಕೆ ನಿಲ್ಲಿಸಿ. ಚಾಪೆಯ ಮೇಲೆ ಕೂರುವ ಮನೆಯಲ್ಲಿ ಕಿಟಕಿ ತಗ್ಗಿನಲ್ಲಿರುತ್ತಿತ್ತು. ಕುರ್ಚಿ ಮೇಜು ಬಂದ ಮೇಲೆ ಮೇಲಕ್ಕೇರಿತು.

ಮುಂದಿನದು ನಿಮ್ಮ ಬಡಾವಣೆಯ ಕತೆ. ಪ್ಲೇಗಿನ ಹಾವಳಿಯ ನಂತರ 1903ರಲ್ಲಿ ಮೈಸೂರಿಗೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು. ಗೋಡೆಗೆ ಗೋಡೆ ತಾಗಿದ ಓಣಿಗಳನ್ನು ಬಿಟ್ಟು ಸುತ್ತ ಜಾಗವಿರುವ ನಿವೇಶನಗಳಲ್ಲಿ ಮನೆಗಳೆದ್ದವು. ಪಕ್ಕದ ಗೋಡೆಗೂ ಕಿಟಕಿ ಇಡಲು ಆಗಲೇ ಅವಕಾಶವಾದದ್ದು. ಅದರ ಮೇಲೆ, ಮಾಡಿನ ಹತ್ತಿರ, ಬಿಸಿಗಾಳಿ ಹೋಗಲು ಪುಟ್ಟದೊಂದು ವೆಂಟಿಲೇಟರ್. ಈ ಪದವನ್ನು ನಮ್ಮ ಗಾರೆಯವರೂ ಗೃಹಿಣಿಯರೂ ದಿನಾ ಆಡುತ್ತಾರೆ, ‘ವೆಂಟಿಲೇಟ್ರು’ ಎಂದು. ಹಾಗೇ ಇರಲಿ.

ಲ್ಯಾಟಿಸ್‌ಗೆ ಜಾಲಂದ್ರ. ಸೋಮನಾಥಪುರದ ಕೇಶವ ದೇವಾಲಯದ ಮಂಟಪದಲ್ಲಿ, ಬೇಲೂರಿನಲ್ಲಿ ಕಲ್ಲಿನ ಜಾಲಂದ್ರಗಳನ್ನು ನೋಡಿದವರಿಗೆ ವಿವರಣೆಯೇ ಬೇಕಿಲ್ಲ. ಒಳಗಿನಿಂದ ಹೊರಗು ಕಾಣುತ್ತದೆ, ಹೊರಗಿನಿಂದ ಒಳಗು ಕಾಣುವುದಿಲ್ಲ, ಬಿಸಿಲು ಸೋಸಿ ಬರುತ್ತದೆ. ಮರದ್ದಾದರೂ ಕೆಲಸ ಅದೇ.

ಮಂಕಿ ಟಾಪ್ ಬೆಂಗಳೂರು ದಂಡುಪ್ರದೇಶದ ಬಂಗಲೆಗಳಿಂದ ಹೆಸರಾದದ್ದು. ಕಿಟಕಿಯ ನೆತ್ತಿಯಿಂದ ಮುಂದಕ್ಕೆ ಚಾಚಿದ ಮರದ ಮಾಡು, ಅದರ ಮುಖಕ್ಕೆ ಒತ್ತಾಗಿ ಜೋಡಿಸಿದ ಲಂಬ ಪಟ್ಟಿಗಳು. ಇಳಿಬಿಸಿಲು, ಎರಚಲು ಎರಡನ್ನೂ ತಡೆಯುತ್ತದೆ. ಹೆಸರನ್ನು ಅನುವಾದಿಸಬೇಡಿ. ‘ಕೋತಿನೆತ್ತಿ’ ಎಂದು ಓದಿದವರಿಗೆ ಮಾಡೂ ಕಾಣುವುದಿಲ್ಲ, ಪಟ್ಟಿಯೂ ಕಾಣುವುದಿಲ್ಲ.

ಕುವೆಂಪುನಗರದಿಂದ:

ಆಚಾರಿಗಳು ಆಡಿದ್ದೇ ಪ್ರಮಾಣ ಎಂದಾದರೆ ಚರ್ಚೆ ಏಕೆ? ಅವರು ಈಗ ‘ವಿಂಡೋ ಫ್ರೇಮು’ ಎನ್ನುತ್ತಾರೆ. ಅದನ್ನೇ ಬರೆಸಿ.

ಜಾಲಂದ್ರ ಎಂದರೆ ಜಾಲರಂಧ್ರ. ಎರಡು ಸಂಸ್ಕೃತ ಪದಗಳ ಸಮಾಸ ಸವೆದಿದೆ, ಅಷ್ಟೆ. ಸವೆದದ್ದೆಲ್ಲ ಕನ್ನಡವಾಗುವುದಿಲ್ಲ. ತಮಿಳಿನವರು ಪೋರ್ಚುಗೀಸರ ಜನೇಲಾವನ್ನು ಜನ್ನಲ್ ಮಾಡಿಕೊಂಡು ತಮ್ಮ ಹಳೆ ಪದ ಸಾಳರವನ್ನು ಬದಿಗಿಟ್ಟರು. ಆ ನಷ್ಟ ನಮಗೂ ಬೇಕೇ? ಎರವಲಿಗೆ ಒಂದು ಎಲ್ಲೆ ಇರಬೇಕು.

ಶ್ರೀರಂಗಪಟ್ಟಣದಿಂದ:

ಸ್ವಾಮಿ, ಸಾಳರವೂ ಜಾಲದ ನಂಟಿನದೇ ಎಂಬ ವಾದವಿದೆ. ಉದಾಹರಣೆ ಕೊಡುವ ಮುಂಚೆ ನೋಡಿಕೊಳ್ಳಿ. ಮತ್ತೆ ‘ಸರಿಗಿಂಡಿ’ಯಲ್ಲಿ ಸರಿ ಎಂದರೆ ಸರಿಯುವುದೋ, ಸರಿಯಾದದ್ದೋ? ಹಲಗೆ ಓದುವವರು ವ್ಯಾಕರಣ ಪುಸ್ತಕ ಹಿಡಿದು ಬರುವುದಿಲ್ಲ.

ಮಂಡ್ಯದಿಂದ:

ಎರವಲಿನ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ಇಂಗ್ಲಿಷಿನ ವಿಂಡೋ ಅವರ ಸ್ವಂತದ್ದಲ್ಲ, ಹಳೆ ನಾರ್ಸ್ ಭಾಷೆಯ ‘ವಿಂಡಾವ್ಗ’, ಗಾಳಿಗಣ್ಣು ಎಂದರ್ಥ. ಪೋರ್ಚುಗೀಸರ ಜನೇಲಾದ ಮೂಲ ಲ್ಯಾಟಿನ್ನಿನಲ್ಲಿ ಬಾಗಿಲು. ಖಿಡಕಿಯೂ ಮೊದಲು ಪಕ್ಕದ ಸಣ್ಣ ಬಾಗಿಲೇ. ಕಿಟಕಿಯ ಪದಗಳು ಕಟ್ಟುವ ಜನರ ಜೊತೆ ಊರಿಂದೂರಿಗೆ ನಡೆದಿವೆ. ನಮ್ಮಲ್ಲಿಗೆ ಬಂದದ್ದು ಮಹಾಪ್ರಾಣ ಕಳೆದುಕೊಂಡು, ‘ಡ’ ಬಿಟ್ಟು ‘ಟ’ ಹಿಡಿದು, ಕಿಟಕಿಯಾಗಿ ನಮ್ಮ ವಿಭಕ್ತಿಗಳಿಗೆಲ್ಲ ಒಗ್ಗಿತು. ಧಾರವಾಡದ ಕಡೆ ಕಿಡಕಿ ಎಂದರೂ ಅದು ಅಲ್ಲಿಯ ಕನ್ನಡವೇ. ನನ್ನ ತಾಯಿ ಆಡಿದ ಮಾತನ್ನು ಹೊರಗಿನದು ಎಂದು ತಳ್ಳುವ ತತ್ವವನ್ನು ನಾನು ಒಪ್ಪಲಾರೆ.

ಕಿಂಡಿ ಎಂದರೆ ಸಣ್ಣ ತೆರಪು. ಇದು ಗಾತ್ರದ ಪದ. ಇವತ್ತಿನ ಮನೆಯಲ್ಲಿ ನೆಲದಿಂದ ಚಾವಣಿಯವರೆಗಿನ ಗಾಜನ್ನು ಕಿಂಡಿ ಎಂದು ಕರೆಯಲು ನಿಮಗೇ ನಾಲಿಗೆ ಬರುವುದಿಲ್ಲ.

ನಡೆದದ್ದು ಇಷ್ಟು. ಬೆಳಕಿಗೆ, ಹೊಗೆಗೆ, ಗಾಳಿಗೆ, ನೋಟಕ್ಕೆ ಬೇರೆ ಬೇರೆ ಇದ್ದ ತೆರಪುಗಳು ಗಾಜು ಅಗ್ಗವಾದಂತೆ ಒಂದೇ ಚೌಕಟ್ಟಿಗೆ ಬಂದು ಸೇರಿದವು. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಶನ್ ಹೆಂಚಿನ ಕಾರ್ಖಾನೆ ತೆರೆಯಿತು. ಆ ಹೆಂಚು ನಮ್ಮ ಮಾಡುಗಳಿಗೆ ಬಂದ ಮೇಲೆ ಅದೇ ಅಳತೆಯ ಗಾಜಿನ ಹೆಂಚೂ ಬಂದು ಬೆಳಕಿಂಡಿಯನ್ನು ಮುಚ್ಚಿತು. ಬೆಳಕು ಉಳಿಯಿತು, ಹೊಗೆಗೆ ದಾರಿ ತಪ್ಪಿತು. ನಮ್ಮ ಜಿಲ್ಲೆಯ ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ಹುಟ್ಟಿದರೂ ಅದು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಊರಮನೆಗಳ ಅಡುಗೆಕೋಣೆಗೆ ಬಹಳ ಕಾಲ ಸೂರಿನ ಬೆಳಕೇ ಗತಿ. ಕರೆಂಟು ಬಂದು ಆರ್‌ಸಿಸಿ ಚಾವಣಿ ಬಿದ್ದ ಮೇಲೆ ಬೆಳಕಿಂಡಿ ಎಂಬ ಪದವನ್ನು ಮಕ್ಕಳು ಕೇಳುವುದೇ ನಿಂತಿತು. ವೆಲ್ಡಿಂಗ್ ಬಂದಾಗ ಸರಳಿನ ಜಾಗಕ್ಕೆ ಗ್ರಿಲ್ ಬಂತು. ಉದಯಸೂರ್ಯ, ತಾವರೆ, ವಜ್ರದಾಕಾರ, ಒಂದೊಂದು ಬೀದಿಗೆ ಒಂದೊಂದು ವಿನ್ಯಾಸ. ಅದಕ್ಕೊಂದು ಹಲಗೆ ನಿಮ್ಮ ಪಟ್ಟಿಯಲ್ಲೇ ಇಲ್ಲ, ಸೇರಿಸಿ ಮೇಡಂ. ಸರಸ್ವತಿಪುರಂ, ಯಾದವಗಿರಿ ಸುತ್ತಿದರೆ ಇನ್ನೂ ಕಾಣುತ್ತವೆ.

ಹಳೆ ಗಾಜು ಉಳಿದಿದ್ದರೆ ಬದಲಿಸಬೇಡಿ. ಅದರ ಮೂಲಕ ನೋಡಿದರೆ ಆಚೆಯ ಮರ ನೀರಿನಲ್ಲಿ ಕಂಡ ಹಾಗೆ ಅಲುಗುತ್ತದೆ. ಕರಗಿದ ತವರದ ಮೇಲೆ ತೇಲಿಸಿ ಗಾಜು ಮಾಡುವ ವಿಧಾನವನ್ನು ಇಂಗ್ಲೆಂಡಿನ ಪಿಲ್ಕಿಂಗ್‌ಟನ್ ಕಂಪನಿ 1959ರಲ್ಲಿ ಪ್ರಕಟಿಸಿದ ಮೇಲೆ ಸಪಾಟು ಗಾಜು ಬಂತು. ಅಂಥ ಅಲೆಯ ಗಾಜು ಈಗ ಸುಲಭಕ್ಕೆ ಸಿಗುವುದಿಲ್ಲ.

ಸ್ಲೈಡಿಂಗ್ ಬಗ್ಗೆ ನನಗೆ ಸಿಟ್ಟಿದೆ, ಆದರೂ ಪದ ಕೊಡುತ್ತೇನೆ: ಸರಿಸುವ ಕಿಟಕಿ. ಎರಡು ಗಾಜಿನ ಸ್ಲೈಡಿಂಗ್‌ನಲ್ಲಿ ಎಷ್ಟು ಸರಿಸಿದರೂ ಅರ್ಧ ಜಾಗವೇ ತೆರೆಯುವುದು. ಸೊಳ್ಳೆಗೆ ಬಲೆ ಬೇಕಾದರೆ ಮೂರನೇ ಟ್ರ್ಯಾಕ್. ರೆಕ್ಕೆ ಕಿಟಕಿ ಪೂರ್ತಿ ತೆರೆಯುತ್ತಿತ್ತು. ಮೈಸೂರು ಮಂಡ್ಯದಂಥ ಹದವಾದ ಹವೆಯಲ್ಲಿ ಅರ್ಧ ಗಾಳಿಯನ್ನು ನಾವೇ ದುಡ್ಡು ಕೊಟ್ಟು ಕಳೆದುಕೊಂಡೆವು. ಹಲಗೆಯಲ್ಲಿ ಇದನ್ನೂ ಒಂದು ಸಾಲು ಬರೆಸಿದರೆ ಮನೆ ಕಟ್ಟಿಸುವವರಿಗೆ ಉಪಕಾರವಾಗುತ್ತದೆ.

ಕುವೆಂಪುನಗರದಿಂದ:

ಗಾಜಿನ ಚರಿತ್ರೆ ಕೇಳಿರಲಿಲ್ಲ. ಲೂವರ್‌ಗೆ ಇನ್ನೂ ಪದ ಬಂದಿಲ್ಲ ಎಂಬುದನ್ನು ಗಮನಿಸಿ. ‘ಪಟ್ಟಿಗಿಂಡಿ’ಯನ್ನು ನಾನು ಹಿಂದೆಗೆದುಕೊಳ್ಳುವುದಿಲ್ಲ.

ಮಂಡ್ಯದಿಂದ:

ಲೂವರ್ ಕಿಟಕಿಯ ಹೆಸರಲ್ಲ, ಕದದ ಬಗೆ. ಓರೆಯಾಗಿ ಕೂರಿಸಿದ ಪಟ್ಟಿಗಳು ಕದದ ಒಳಗೆ ಇರುತ್ತವೆ, ಮಳೆ ಹೊರಗೆ, ಗಾಳಿ ಒಳಗೆ. ಆದ್ದರಿಂದ ‘ಪಟ್ಟಿಗದ’ ಎನ್ನಬಹುದು. ಪಟ್ಟಿ ನಿಮ್ಮದೇ ಇರಲಿ. ಅದೇ ಲೂವರ್ ಎಂಬ ಪದ ಇಂಗ್ಲಿಷಿನಲ್ಲಿ ಮೊದಲು ಚಾವಣಿಯ ಹೊಗೆಗಂಡಿಗೆ ಇತ್ತು, ನಮ್ಮ ಬೆಳಕಿಂಡಿಯ ನೆಂಟ.

ಲಕ್ಷ್ಮೀಪುರಂನಿಂದ:

ಎಲ್ಲರಿಗೂ ವಂದನೆ. ಬೋರ್ಡಿನವರು ಬಂದು ಕೂತಿದ್ದಾರೆ. ಬೆಳಕಿಂಡಿ, ಜಾಲಂದ್ರ, ಪಟ್ಟಿಗದ, ವೆಂಟಿಲೇಟರ್, ಮಂಕಿ ಟಾಪ್, ಗ್ರಿಲ್ ಕಿಟಕಿ, ಸರಿಸುವ ಕಿಟಕಿ ಎಂದು ಬರೆಸುತ್ತಿದ್ದೇನೆ. ನಾಲ್ಕು ರೆಕ್ಕೆಯ ಕಿಟಕಿ ನಿಜವಾಗಿಯೂ ಇತ್ತು ಸಾರ್, ಕೊಂಡಿಯ ಗೀರೂ ಇದೆ, ಅದಕ್ಕೆ ಬೇರೆ ಹಲಗೆ. ಎರಡು ಪದದ ನಿಯಮ ಅಲ್ಲಿ ಸಡಿಲಿಸಿದೆವು. ದೊಡ್ಡ ಹಲಗೆಗೆ ‘ನಮ್ಮ ಮನೆಗಳ ಕಿಟಕಿ’.

ಒಂದೇ ಸಂದೇಹ. ಜಾಲಂದ್ರಕ್ಕೆ ‘ದ’ವೋ ‘ಧ’ವೋ? ಬಣ್ಣ ಒಣಗುವ ಮೊದಲು ತಿಳಿಸಿ.

ಮಂಡ್ಯದಿಂದ:

ಅಲ್ಪಪ್ರಾಣವೇ ಇರಲಿ ಮೇಡಂ. ಜಾಲರಂಧ್ರ ಎಂದು ಪೂರ್ತಿ ಬರೆಸುವುದಾದರೆ ಮಾತ್ರ ‘ಧ’.